ಚರೆಯ ನಂಬರು

ದೂಮಣ್ಣ ಮಾವ ಬೆಡಿಗಿಂತ ಮೊದಲು ಡಬ್ಬ ತೆಗೆಯುತ್ತಿದ್ದರು.
ಬಿಸ್ಕತ್ತಿನ ಹಳೆಯ ತಗಡು,
ಒಳಗೆ ಲುಂಗಿಯ ತುಂಡಲ್ಲಿ ಸುತ್ತಿದ ತೋಟೆಗಳು,
ಕೆಂಪು ಕಾಗದದ ಮೈ, ಹಿತ್ತಾಳೆಯ ಬುಡ.
ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಮೂಸಿ,
ಇದು ಆಟಿಯ ಮಳೆ ಕುಡಿದಿದೆ, ಎಂದು ಬದಿಗಿಡುತ್ತಿದ್ದರು.

"ಎಲ್‌ಜಿ ಹಂದಿಗೆ. ಒಂದರಲ್ಲಿ ಆರೇ ಆರು ಗುಂಡು.
ನಲವತ್ತು ಹೆಜ್ಜೆಯಾಚೆ ಅವಕ್ಕೆ ಒಂದರ ಗುರ್ತ ಇನ್ನೊಂದಕ್ಕಿಲ್ಲ;
ನಡುವಿನ ಸಂದಿಯಲ್ಲಿ ಕುದುಕ ದಾಟಿ
ನಿನ್ನನ್ನು ತಿರುಗಿ ನೋಡಿ ಹೋಗುತ್ತದೆ.
ನಾಲ್ಕನೇ ನಂಬರು ಕಾಡುಕೋಳಿಗೆ.
ಅದರಲ್ಲಿ ಹೊಡೆದರೆ ಕುದುಕ ಸಾಯುವುದಿಲ್ಲ,
ಮೂರು ದಿನ ಮುಳಿಹುಲ್ಲಲ್ಲಿ ಬಿದ್ದು ನಿನ್ನ ಹೆಸರು ಹೇಳುತ್ತದೆ.
ಬಿಬಿ ಸಾಕು.
ಇಪ್ಪತ್ತೈದು ಹೆಜ್ಜೆಗೆ ಬರುವ ತನಕ ಬೆರಳು ಒಳಗೆ ಹಾಕಬೇಡ."

ಕರೆಯುವ ಕೆಲಸ ನನ್ನದು.
ಮಾವನಿಗೆ ದಮ್ಮು ಹಿಡಿದ ವರ್ಷದಿಂದ
ಗರಿ ಅವರ ಬಾಯಲ್ಲಿ ಬರೀ ಪುಸ್ ಎನ್ನುತ್ತಿತ್ತು.
ಎಳೆ ತೆಂಗಿನ ಗರಿ, ಕಡ್ಡಿ ತೆಗೆದದ್ದು,
ಎರಡು ಹೆಬ್ಬೆರಳ ನಡುವೆ ಬಿಗಿದು ಊದಬೇಕು,
ಉರುಳಿಗೆ ಬಿದ್ದ ಮೊಲದ ಮರಿಯ ಹಾಗೆ:
ಮೊದಲು ಜೋರು, ಮತ್ತೆ ತುಂಡು ತುಂಡು, ಮತ್ತೆ
ಯಾರೋ ಬಾಯಿ ಮುಚ್ಚಿಸಿದ ಹಾಗೆ.
ಹನ್ನೆರಡು ವರ್ಷದ ನನಗೆ ಶಾಲೆಯಲ್ಲಿ
ಒಂದು ಪದ್ಯವೂ ಬಾಯಿಪಾಠ ಆಗುತ್ತಿರಲಿಲ್ಲ.
ಇದು ಬಂತು.

ಆ ಕುಂಭ ತಿಂಗಳಲ್ಲಿ
ಅವ್ವಮ್ಮನ ಗೂಡಿಂದ ಒಂಬತ್ತು ಕೋಳಿ ಹೋಗಿದ್ದವು.
ಹತ್ತನೆಯದರ ರೆಕ್ಕೆ ಹಿಡಿದುಕೊಂಡೇ ಅಂಗಳಕ್ಕೆ ಬಂದಳು.
"ಒಂದು ತೋಟೆಯ ಹಣ ನಾನು ಕೊಡುತ್ತೇನೆ, ದೂಮಣ್ಣಣ್ಣ."
ಬೇಡ ಅಂದರು ಮಾವ.
ಜಗಲಿಯಲ್ಲಿ ಎರಡು ಮೊಟ್ಟೆ ಇಟ್ಟು ಹೋದಳು.
ಅವಳ ಮನೆಯ ಪಕ್ಕಾಸಿನಲ್ಲಿ ತೊಟ್ಟಿಲ ಹಗ್ಗ
ಇನ್ನೂ ಹಾಗೆಯೇ ಇತ್ತು.
ಆ ವಿಷಯ ಯಾರೂ ಎತ್ತಲಿಲ್ಲ.

ರಾತ್ರಿಯಾದರೂ ಪದವಿನ ಕಲ್ಲು ಹಗಲ ಬಿಸಿಲು ಬಿಟ್ಟಿರಲಿಲ್ಲ.
ಕೆಂಪುಕಲ್ಲು ಕಡಿದ ಹೊಂಡದ ಅಂಚಿಗೆ ಕವುಚಿ ಮಲಗಿದೆವು,
ಗಾಳಿ ಮುಖಕ್ಕೆ.
ಬಾಯಾರಿನ ಕಡೆ ಒಂದು ಕೂಗಿತು,
ಅದಕ್ಕೆ ಇನ್ನೊಂದು, ಮತ್ತೆ ಇಡೀ ಗುಡ್ಡ.
ಅವು ನಿಂತ ಮೇಲೆ ನಾನು ಊದಿದೆ.
ಇನ್ನೂರು ಎಣಿಸಿ, ಮತ್ತೆ.
ಮೂರನೆಯ ಸಲ ಗರಿ ಬೆವರಿಗೆ ಮೆತ್ತಗಾಗಿ
ಸ್ವರ ನಾನು ಎಣಿಸಿದ್ದಕ್ಕಿಂತ ಸಣ್ಣಗೆ ಹೋಯಿತು.

ಗೇರುಮರದಡಿ ತರಗೆಲೆ ಸದ್ದು.
ಒಂಟಿನಳಿಗೆಯ ಕುದುರೆ ಹಿಂದಕ್ಕೆ ಹೋದದ್ದು ಕೇಳಿತು.
ಮಾವ ಮೊಣಕೈ ತಾಗಿಸಿದರು: ಟಾರ್ಚು.

ಬೆಳಕು ಬಿಟ್ಟರೆ ಕುದುಕನ ಕಣ್ಣು ಉರಿಯುತ್ತದೆ,
ಮೊಲದ್ದು, ನಾಯಿಯದ್ದು, ಹುಲ್ಲಿನ ಜೇಡದ್ದೂ.
ಮನುಷ್ಯರದ್ದು ಉರಿಯುವುದಿಲ್ಲ.
ಅಲ್ಲಿ ಏನೂ ಉರಿಯಲಿಲ್ಲ.
ಬರಿಗಾಲು. ಜಾರಿದ ತಟ್ಟ.
ಇಪ್ಪತ್ತೈದು ಹೆಜ್ಜೆಗಿಂತ ಹತ್ತಿರ.

ಕುದುರೆಯನ್ನು ಮೆಲ್ಲ ಇಳಿಸಿ, ಬೆಡಿ ಮಡಚಿ,
ಮಾವ ತೋಟೆ ತೆಗೆದರು.
ಕೈ ತಪ್ಪಿ ಅದು ಕಲ್ಲಿನ ಮೇಲೆ ಉರುಳಿ
ಹೊಂಡದ ತಳದ ತನಕ ಸದ್ದು ಮಾಡಿತು.

"ಅವ್ವಮ್ಮಾ, ಅದು ಗರಿ. ಇವ ಊದಿದ್ದು."
"ಗೊತ್ತು," ಎಂದಳು. "ನಾನೇ ಅಲ್ಲವಾ ನಿಮಗೆ ಹೇಳಿದ್ದು.
ಬಂದದ್ದು ಬಂದೆ. ಒಮ್ಮೆ ನೋಡುವ."

ನೋಡಿದೆವು.
ಮಾವ ಖಾಲಿ ನಳಿಗೆಯಿಂದ ಮುಳಿ ಸರಿಸುತ್ತ,
ನಾನು ಬೆಳಕು ಹಿಡಿದು,
ಗೇರಿನ ಬುಡ, ಕೇಪುಳದ ಪೊದೆ, ಪಳ್ಳದ ಒಣಗಿದ ಕೆಸರು.
ಒಂದು ಕಡೆ ಎರಡು ಕಣ್ಣು ಉರಿದವು, ನೆಲಕ್ಕೆ ತಗ್ಗಿ.
ಕೂತುಕೊಂಡೇ ನಮ್ಮನ್ನು ನೋಡುತ್ತಿತ್ತು.
ಹದಿನೈದು ಹೆಜ್ಜೆ.
ಮಾವನ ಕೈ ಒಮ್ಮೆ ಅಂಗಿಯ ಕಿಸೆಗೆ ಹೋಗಿ
ಸುಮ್ಮನೆ ಹೊರಗೆ ಬಂತು.

"ಅಲ್ಲಿ ಇಲ್ಲ," ಎಂದಳು ಅವ್ವಮ್ಮ, "ಆ ಕಡೆ ಹೋಗುವ."
ಸೆಲ್ಲು ಕೆಂಪಾಗುವ ತನಕ ಹೋದೆವು.